ಒಂದು ಕ್ರಿಯಾಪದದ ಹಲವು ನೋಟಗಳು

ನೋಡುವ ಕೆಲಸ ಜಗತ್ತಿನ ಜನರಿಗೆಲ್ಲ ಒಂದೇ. ಆದರೆ ಆ ಕೆಲಸವನ್ನು ಮಾತಿನಲ್ಲಿ ಹೇಳುವ ಕ್ರಮ ಭಾಷೆಯಿಂದ ಭಾಷೆಗೆ ಬೇರೆಯಾಗುತ್ತದೆ. ಕನ್ನಡಿಗನು ದಾರಿಯಲ್ಲಿ ಹಾವನ್ನು ನೋಡುತ್ತಾನೆ, ತಲೆಯೆತ್ತಿ ಆಕಾಶವನ್ನು ನೋಡುತ್ತಾನೆ, ಮೈದಾನದ ಅಂಚಿನಲ್ಲಿ ಕುಳಿತು ಆಟವನ್ನು ನೋಡುತ್ತಾನೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ತಾನಾಗಿ ಕಣ್ಣಿಗೆ ಬಿದ್ದುದನ್ನು ಕಾಣುವುದು ‘ಸೀ’. ಬೇಕೆಂದೇ ದೃಷ್ಟಿಯನ್ನು ಒಂದು ಕಡೆಗೆ ತಿರುಗಿಸುವುದು ‘ಲುಕ್’. ನಡೆಯುತ್ತಿರುವುದನ್ನು ಗಮನವಿಟ್ಟು ನೋಡುತ್ತಿರುವುದು ‘ವಾಚ್’.

ಇವುಗಳಲ್ಲಿ ‘ಲುಕ್’ ಎಂಬುದು ಅತ್ಯಂತ ಕುತೂಹಲಕರವಾದ ಪದ. ದೃಷ್ಟಿ ಹೊರಟಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ದೃಷ್ಟಿ ಹೋದುದು ಎಲ್ಲಿಗೆ, ಏತಕ್ಕೆ ಎಂಬುದನ್ನು ತಿಳಿಸುವುದು ಅದರ ಬೆನ್ನಿಗೇ ಬರುವ ಒಂದು ಪುಟ್ಟ ಪದ. ‘ಅಟ್’, ‘ಫಾರ್’, ‘ಆಫ್ಟರ್’, ‘ಇನ್‌ಟು’, ‘ಥ್ರೂ’ ಮೊದಲಾದ ಈ ಪದಗಳನ್ನು ಇಂಗ್ಲಿಷ್ ವ್ಯಾಕರಣದಲ್ಲಿ ‘ಪ್ರಿಪೊಸಿಷನ್’ ಎಂದು ಕರೆಯುತ್ತಾರೆ. ಪ್ರಿಪೊಸಿಷನ್ ಒಂದು ನಾಮಪದಕ್ಕೆ ಮೊದಲು ನಿಂತು, ಅದರೊಡನೆ ಸೇರಿ ಒಂದು ಪದಪುಂಜವಾಗುತ್ತದೆ. ಆ ಪುಂಜವು ಕ್ರಿಯಾಪದದ ಅರ್ಥವನ್ನೇ ಬೇರೊಂದು ದಾರಿಗೆ ತಿರುಗಿಸಬಲ್ಲದು.

ಇದರ ಮಹತ್ವವನ್ನು ಅರಿಯಲು ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಬಹುದು. ಹಿರಿಯ ದಾದಿಯು ಹೊಸದಾಗಿ ಕೆಲಸಕ್ಕೆ ಸೇರಿದ ದಾದಿಗೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಾಳೆ. ಆಕೆ ‘ಲುಕ್ ಅಟ್ ದಿ ಪೇಷಂಟ್’ ಎಂದರೆ, ರೋಗಿಯ ಕಡೆಗೆ ದೃಷ್ಟಿ ಹರಿಸಿದರೆ ಸಾಕು. ‘ಲುಕ್ ಆಫ್ಟರ್ ದಿ ಪೇಷಂಟ್’ ಎಂದರೆ, ರೋಗಿಗೆ ಹೊತ್ತು ಹೊತ್ತಿಗೆ ಔಷಧಿ ಕೊಡಬೇಕು, ನೀರು ಕೊಡಬೇಕು, ಅವನ ಸಂಪೂರ್ಣ ಆರೈಕೆಯ ಹೊಣೆ ಹೊರಬೇಕು. ‘ಲುಕ್ ಫಾರ್ ದಿ ಪೇಷಂಟ್’ ಎಂದರೆ, ಹಾಸಿಗೆ ಬರಿದಾಗಿದೆ, ರೋಗಿ ಎಲ್ಲಿಗೋ ಹೋಗಿದ್ದಾನೆ, ಹುಡುಕಬೇಕು. ಕ್ರಿಯಾಪದವೂ ಒಂದೇ, ರೋಗಿಯೂ ಒಬ್ಬನೇ. ನಡುವಿನ ಪುಟ್ಟ ಪದವನ್ನು ತಪ್ಪಾಗಿ ಗ್ರಹಿಸಿದರೆ ರೋಗಿಯು ಔಷಧಿಯಿಲ್ಲದೆ ಉಳಿದಾನು. ಚಿಕ್ಕ ಪದವೆಂದು ಯಾವುದನ್ನೂ ಕಡೆಗಣಿಸಲಾಗದು.

ಹಾಗಾದರೆ ಈ ಪುಟ್ಟ ಪದಗಳ ಅರ್ಥವನ್ನು ಊಹಿಸುವುದು ಹೇಗೆ? ಒಂದೊಂದಕ್ಕೂ ಒಂದು ಸ್ವಭಾವವುಂಟು. ‘ಅಟ್’ ಗುರಿಯನ್ನು ತೋರಿಸುತ್ತದೆ. ಚೆಂಡನ್ನು ಒಬ್ಬನಿಗೆ ‘ಟು’ ಎಂದು ಎಸೆದರೆ ಅವನು ಹಿಡಿಯಲೆಂದು ಎಸೆದಂತೆ. ‘ಅಟ್’ ಎಂದು ಎಸೆದರೆ ಅವನಿಗೆ ತಾಗಲೆಂದು ಎಸೆದಂತೆ. ‘ಲುಕ್ ಅಟ್’ ಎನ್ನುವಾಗಲೂ ದೃಷ್ಟಿ ಗುರಿಯನ್ನು ಹಿಡಿದು ಸಾಗುತ್ತದೆ. ‘ಫಾರ್’ ಬೇಕಾದುದನ್ನು ಸೂಚಿಸುತ್ತದೆ. ಬೇಡುವುದು ‘ಆಸ್ಕ್ ಫಾರ್’, ಕಾಯುವುದು ‘ವೆಯ್ಟ್ ಫಾರ್’, ಹುಡುಕುವುದು ‘ಲುಕ್ ಫಾರ್’. ‘ಇನ್‌ಟು’ ಎಂದರೆ ಒಳಕ್ಕೆ. ಒಂದು ದೂರಿನ ಒಳಹೊಕ್ಕು ವಿಚಾರಿಸುವುದು ‘ಲುಕ್ ಇನ್‌ಟು’. ‘ಥ್ರೂ’ ಎಂದರೆ ಮೂಲಕ. ಕಿಟಕಿಯ ಮೂಲಕ ನೋಡುವುದಕ್ಕೂ, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮೇಲೆಮೇಲೆ ತಿರುವಿಹಾಕುವುದಕ್ಕೂ ‘ಲುಕ್ ಥ್ರೂ’ ಸಲ್ಲುತ್ತದೆ. ‘ಆಫ್ಟರ್’ ಎಂದರೆ ಹಿಂದೆ, ಅನಂತರ. ಅಂಬೆಗಾಲಿಡುವ ಮಗುವಿನ ಹಿಂದೆಯೇ ತಾಯಿಯ ಕಣ್ಣು ಸಾಗುವ ಚಿತ್ರವನ್ನು ಮನಸ್ಸಿಗೆ ತಂದುಕೊಂಡರೆ, ‘ಲುಕ್ ಆಫ್ಟರ್’ ಎಂಬುದು ಆರೈಕೆಯನ್ನು ಸೂಚಿಸುವುದೆಂದು ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ.

ಕನ್ನಡದಲ್ಲಿ ಇಂಥ ಕೆಲಸವನ್ನು ಬಹುಮಟ್ಟಿಗೆ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ. ‘ಕೈಯನ್ನು ಹಿಡಿ’, ‘ಕೈಯಿಂದ ಹಿಡಿ’, ‘ಕೈಯಲ್ಲಿ ಹಿಡಿ’ ಎಂಬ ಮೂರು ಮಾತುಗಳಲ್ಲಿ ಕ್ರಿಯಾಪದವೂ ನಾಮಪದವೂ ಬದಲಾಗಿಲ್ಲ. ಪ್ರತ್ಯಯ ಬದಲಾಯಿತು, ಅರ್ಥವೂ ಬದಲಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಗಳನ್ನು ವಿವರಿಸಿದ್ದಾನೆ. ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ನಾಣ್ಯದ ಮುದ್ರೆಯಂತೆ ಸವೆದುಹೋಗಿ, ಹದಿನೈದನೆಯ ಶತಮಾನದ ವೇಳೆಗೆ ಬಹುಪಾಲು ಮರೆಯಾದವು. ಅವುಗಳ ಹೊಣೆಯಲ್ಲಿ ಹೆಚ್ಚಿನದನ್ನು ಪ್ರಿಪೊಸಿಷನ್‌ಗಳೂ ಪದಗಳ ಅನುಕ್ರಮವೂ ಹೊತ್ತುಕೊಂಡವು. ಹಳೆಯ ಪದ್ಧತಿಯ ಗುರುತು ಸರ್ವನಾಮಗಳಲ್ಲಿ ಇಂದಿಗೂ ಉಳಿದಿದೆ. ಆದುದರಿಂದಲೇ ‘ಲುಕ್ ಅಟ್ ಹಿಮ್’ ಎನ್ನಬೇಕೇ ಹೊರತು ‘ಲುಕ್ ಅಟ್ ಹಿ’ ಎನ್ನಬಾರದು.

ಕನ್ನಡದ ಪ್ರತ್ಯಯವು ಪದದ ಕೊನೆಗೆ ಅಂಟಿಕೊಂಡಿರುತ್ತದೆ. ಇಂಗ್ಲಿಷಿನ ಪ್ರಿಪೊಸಿಷನ್ ಬಿಡಿಯಾಗಿ ನಿಲ್ಲುತ್ತದೆ. ಕನ್ನಡ ಮಕ್ಕಳು ಇಂಗ್ಲಿಷ್ ಬರೆಯುವಾಗ ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ‘ಚಿತ್ರವನ್ನು ನೋಡು’ ಎಂಬುದನ್ನು ‘ಲುಕ್ ದಿ ಪಿಕ್ಚರ್’ ಎಂದು ಬರೆದು ‘ಅಟ್’ ಅನ್ನು ಬಿಟ್ಟುಬಿಡುತ್ತಾರೆ. ‘ಏನನ್ನು ಹುಡುಕುತ್ತಿದ್ದೀಯೆ?’ ಎಂಬ ಪ್ರಶ್ನೆಯಲ್ಲಿ ‘ಅನ್ನು’ ಪ್ರತ್ಯಯ ‘ಏನು’ ಎಂಬುದಕ್ಕೆ ಸೇರಿಹೋಗಿದೆ. ಇಂಗ್ಲಿಷಿನಲ್ಲಾದರೋ ‘ವಾಟ್ ಆರ್ ಯು ಲುಕಿಂಗ್ ಫಾರ್?’ ಎನ್ನಬೇಕು. ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಂತಿರುವ ಆ ‘ಫಾರ್’ ಅನಾವಶ್ಯಕವೆಂದು ತೋರಬಹುದು. ಆದರೆ ಅದನ್ನು ತೆಗೆದರೆ ಹುಡುಕಾಟದ ಅರ್ಥವೇ ಹೋಗಿಬಿಡುತ್ತದೆ. ಕರ್ಮಣಿ ಪ್ರಯೋಗದಲ್ಲಿಯೂ ಹೀಗೆಯೇ. ಮಗುವನ್ನು ಅಜ್ಜಿ ನೋಡಿಕೊಳ್ಳುತ್ತಾಳೆ ಎಂಬುದು ‘ದಿ ಚೈಲ್ಡ್ ಈಸ್ ಲುಕ್ಡ್ ಆಫ್ಟರ್ ಬೈ ದಿ ಗ್ರಾಂಡ್‌ಮದರ್’ ಎಂದಾಗುತ್ತದೆ. ‘ಆಫ್ಟರ್’ ಮತ್ತು ‘ಬೈ’ ಒಂದರ ಪಕ್ಕದಲ್ಲಿ ಒಂದು ಬಂದರೂ ಎರಡಕ್ಕೂ ಅವುಗಳದೇ ಕೆಲಸವಿದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ನಿಘಂಟಿನಲ್ಲಿ ಪದವನ್ನು ಹುಡುಕಿ ನೋಡುವುದಕ್ಕೆ ‘ಲುಕ್ ಅಪ್’ ಎನ್ನುತ್ತಾರೆ. ಇಲ್ಲಿರುವ ‘ಅಪ್’ ಪ್ರಿಪೊಸಿಷನ್ ಅಲ್ಲ. ಕ್ರಿಯಾಪದಕ್ಕೇ ಹೊಂದಿಕೊಂಡ ಅವ್ಯಯ. ಎರಡನ್ನೂ ಬೇರ್ಪಡಿಸಲು ಸರಳವಾದ ಒಂದು ಪರೀಕ್ಷೆಯಿದೆ. ‘ಲುಕ್ ಇಟ್ ಅಪ್’ ಎಂದು ಸರ್ವನಾಮವನ್ನು ನಡುವೆ ಇಡಬಹುದು, ಇಡಲೇಬೇಕು. ಆದರೆ ‘ಲುಕ್ ಹಿಮ್ ಆಫ್ಟರ್’ ಎನ್ನಲಾಗದು. ‘ಲುಕ್ ಆಫ್ಟರ್ ಹಿಮ್’ ಎಂಬುದೇ ಸರಿ. ಏಕೆಂದರೆ ಪ್ರಿಪೊಸಿಷನ್ ತನ್ನ ನಾಮಪದಕ್ಕೆ ಅಥವಾ ಸರ್ವನಾಮಕ್ಕೆ ಮೊದಲೇ ಬರುವುದು ಕ್ರಮ. ಪತ್ರಗಳ ಕೊನೆಯಲ್ಲಿ ಕಾಣುವ ‘ಲುಕಿಂಗ್ ಫಾರ್ವರ್ಡ್ ಟು’ ಎಂಬ ಮಾತಿನಲ್ಲಿ ಅವ್ಯಯವೂ ಪ್ರಿಪೊಸಿಷನ್ನೂ ಒಟ್ಟಿಗೆ ಬಂದಿವೆ. ‘ಟು’ ಇಲ್ಲಿ ಪ್ರಿಪೊಸಿಷನ್ ಆದುದರಿಂದ ಅದರ ಮುಂದೆ ‘ಸೀಯಿಂಗ್ ಯು’ ಎಂದೇ ಬರೆಯಬೇಕು. ‘ಸೀ ಯು’ ಎಂದು ಬರೆಯುವುದು ತಪ್ಪು.

ಈ ತೊಡಕನ್ನು ಇಂಗ್ಲಿಷ್ ವಿದ್ವಾಂಸರೂ ಅರಿತಿದ್ದರು. 1755ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಅಲ್ ಜಾನ್ಸನ್, ಕ್ರಿಯಾಪದದ ಬಳಿ ಇಂಥ ಪುಟ್ಟ ಪದಗಳು ಸೇರಿ ಅರ್ಥ ಮಾರ್ಪಡುವ ರೀತಿಯೇ ಪರಭಾಷಿಕರಿಗೆ ಅತ್ಯಂತ ಕಷ್ಟವನ್ನು ತರುವುದೆಂದು ಹೇಳಿದ್ದಾನೆ. ಆದುದರಿಂದ ಇಲ್ಲಿ ಎಡವುವ ವಿದ್ಯಾರ್ಥಿಯು ತನ್ನನ್ನು ದಡ್ಡನೆಂದು ಹಳಿದುಕೊಳ್ಳಬೇಕಾಗಿಲ್ಲ.

ಹಾಗೆಂದು ಇಂಗ್ಲಿಷ್ ಒಂದೇ ಇಷ್ಟು ವಿಚಿತ್ರವೆಂದು ಭಾವಿಸುವುದೂ ಸರಿಯಲ್ಲ. ಕನ್ನಡದ ‘ನೋಡು’ ಎಂಬ ಪದವನ್ನೇ ಪರೀಕ್ಷಿಸಬಹುದು. ನಾಲಗೆಯಿಂದ ರುಚಿ ನೋಡುತ್ತೇವೆ. ವೈದ್ಯನು ಬೆರಳಿನಿಂದ ನಾಡಿ ನೋಡುತ್ತಾನೆ. ಊರಿಗೆ ಬರುವ ಮಗನ ದಾರಿಯನ್ನು ತಾಯಿ ನೋಡುತ್ತಾಳೆ. ರುಚಿಗೂ ನಾಡಿಗೂ ಕಣ್ಣಿನ ಅಗತ್ಯವಿಲ್ಲ. ದಾರಿ ನೋಡುವುದೆಂದರೆ ರಸ್ತೆಯನ್ನು ಪರಿಶೀಲಿಸುವುದಲ್ಲ, ಕಾಯುವುದು. ‘ನೋಡು’ ಎಂಬುದಕ್ಕೆ ‘ಕೊಳ್’ ಸೇರಿ ‘ನೋಡಿಕೊ’ ಎಂದಾದೊಡನೆ ನೋಟವು ಆರೈಕೆಯಾಗುತ್ತದೆ. ಇಂಗ್ಲಿಷಿನಲ್ಲಿ ‘ಆಫ್ಟರ್’ ಮಾಡಿದ ಕೆಲಸವನ್ನು ಕನ್ನಡದಲ್ಲಿ ‘ಕೊಳ್’ ಮಾಡಿತು. ಎರಡು ದೂರದ ಭಾಷೆಗಳು ಬೇರೆ ಬೇರೆ ಉಪಾಯಗಳಿಂದ, ನೋಡುವುದರಲ್ಲಿಯೇ ಕಾಪಾಡುವುದೂ ಅಡಗಿದೆ ಎಂಬ ಒಂದೇ ತಿಳಿವಳಿಕೆಯನ್ನು ಮುಟ್ಟಿವೆ.

ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದು ಕನ್ನಡವನ್ನು ಕಲಿತರು. ಹೀಗೆ ದಾರಿ ನೋಡುವ, ರುಚಿ ನೋಡುವ ಭಾಷೆಯೊಂದನ್ನು ದೀರ್ಘಕಾಲ ಅಭ್ಯಾಸ ಮಾಡಿ, 1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಹುಟ್ಟಿನಿಂದ ಬಾರದ ಭಾಷೆಯೂ ಪರಿಶ್ರಮದಿಂದ ಕೈವಶವಾಗುವುದೆಂಬುದಕ್ಕೆ ಅವರ ಜೀವನವೇ ನಿದರ್ಶನ.

ಕ್ರಿಯಾಪದವನ್ನು ಒಂಟಿಯಾಗಿ ಬಾಯಿಪಾಠ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದರ ಜೊತೆಗಾರ ಪದದೊಡನೆ, ಒಂದು ಪೂರ್ಣ ವಾಕ್ಯದಲ್ಲಿಟ್ಟು ಕಲಿಯಬೇಕು. ಹೊಸ ಬಳಕೆ ಎದುರಾದಾಗ, ಇದನ್ನು ಕನ್ನಡದಲ್ಲಿ ಯಾವ ಪ್ರತ್ಯಯದಿಂದ, ಯಾವ ಮಾತಿನಿಂದ ಹೇಳುತ್ತೇವೆ ಎಂದು ಕೇಳಿಕೊಳ್ಳಬೇಕು. ಹಾಗೆ ಕಲಿತ ವಿದ್ಯಾರ್ಥಿಗೆ ಪರಭಾಷೆಯೂ ತಿಳಿಯುತ್ತದೆ. ದಿನವೂ ಆಡುವ ತಾಯ್ನುಡಿಯ ಸೊಗಸೂ ಹೊಸದಾಗಿ ಕಾಣುತ್ತದೆ.

ಅಭ್ಯಾಸ

1. ‘ಸೀ’, ‘ಲುಕ್’, ‘ವಾಚ್’ ಎಂಬ ಕ್ರಿಯಾಪದಗಳ ಅರ್ಥವ್ಯತ್ಯಾಸವನ್ನು ತಿಳಿಸಿರಿ.
2. ‘ಚಿಕ್ಕ ಪದವೆಂದು ಯಾವುದನ್ನೂ ಕಡೆಗಣಿಸಲಾಗದು.’ ಈ ಮಾತನ್ನು ಆಸ್ಪತ್ರೆಯ ನಿದರ್ಶನದಿಂದ ಸಮರ್ಥಿಸಿರಿ.
3. ‘ಲುಕ್ ಆಫ್ಟರ್’ ಮತ್ತು ‘ನೋಡಿಕೊ’ ಎಂಬವುಗಳಿಗಿರುವ ಸಾಮ್ಯವೇನು?
4. ‘ನೋಡು’ ಎಂಬ ಪದವು ಕಣ್ಣಿಗೆ ಸಂಬಂಧಿಸದ ಅರ್ಥದಲ್ಲಿ ಬರುವ ನಾಲ್ಕು ವಾಕ್ಯಗಳನ್ನು ಸ್ವಂತವಾಗಿ ರಚಿಸಿರಿ.