ಏರುದಾರಿಯ ಹಾಫ್ ಓಡಲೇ, ಬಿಡಲೇ?

ಜನವರಿಯ ಮುಂಬೈ ಮ್ಯಾರಥಾನ್‌ಗೆ ಮೊದಲು ಆಗಸ್ಟ್‌ನಲ್ಲಿ ಹೈದರಾಬಾದ್ ಹಾಫ್ ಮ್ಯಾರಥಾನ್ ಓಡಬೇಕೇ ಎಂದು ಕೇಳಿದ್ದೀರಿ. ಧಾರಾಳವಾಗಿ ಓಡಿ. ಫ್ಲೈಓವರ್‌ಗಳ ಏರಿಳಿತಕ್ಕೆ ಮಳೆಗಾಲದ ಸೆಕೆ ಸೇರಿ ಅಲ್ಲಿ ಕಾಲು ಸೋಲುವುದು ನಿಜ. ಆದರೆ ಮುಂಬೈಯಲ್ಲೂ 30 ಕಿ.ಮೀ. ದಾಟಿದ ಮೇಲೆ ಪೆಡ್ಡರ್ ರೋಡಿನ ಏರು ಕಾದಿರುತ್ತದೆ.

ಗಡಿಯಾರ ನೋಡಬೇಡಿ ಎಂದರೆ ನೀವು ಕೇಳುವುದಿಲ್ಲ, ಗೊತ್ತು. ಆದರೂ ಮೊದಲ 15 ಕಿ.ಮೀ. ಪಕ್ಕದವರೊಡನೆ ಮಾತಾಡುವಷ್ಟು ಉಸಿರು ಉಳಿಸಿಕೊಂಡೇ ಓಡಿ. ಬೇಕಾದರೆ ಕೊನೆಯ ಆರರಲ್ಲಿ ಜೋರು ಮಾಡಿ. ಏರಿನಲ್ಲಿ ಹೆಜ್ಜೆ ಚಿಕ್ಕದಾಗಲಿ. ತೊಡೆಗೆ ನಿಜವಾದ ಪೆಟ್ಟು ಬೀಳುವುದು ಇಳಿಜಾರಿನಲ್ಲಿ: ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಮರುದಿನ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವಂತಾಗುವುದು ಅದಕ್ಕೇ.

ನಿಮ್ಮ ಕಡೇಚೂರಿನ ಸಪಾಟು ರಸ್ತೆಯಲ್ಲಿ ಏರಿಳಿತದ ಅಭ್ಯಾಸವಾಗದು. ವಾರಕ್ಕೊಮ್ಮೆ ಯಾದಗಿರಿಯ ಕೋಟೆ ಬೆಟ್ಟ ಹತ್ತಿ. ಇಳಿಯುವಾಗ ನಿಧಾನ, ಮಳೆಗೆ ಕಲ್ಲು ಜಾರುತ್ತದೆ. ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ನೇರವಾಗಿ ಲಾಂಗ್ ರನ್‌ಗೆ ಹೋಗುತ್ತೇನೆ ಎಂದಿದ್ದೀರಲ್ಲ, ಅದು ಬೇಡವೇ ಬೇಡ. ಮೊದಲು ನಿದ್ದೆ.

ಹಾಫ್ ಆದಮೇಲೆ ಒಂದು ವಾರ ಹಗುರ ಓಟ, ನಡಿಗೆ ಸಾಕು. ಹೈದರಾಬಾದ್‌ನ ಸಮಯವನ್ನು ದುಪ್ಪಟ್ಟು ಮಾಡಿ ಮುಂಬೈ ಗುರಿ ಇಟ್ಟುಕೊಳ್ಳಬೇಡಿ, 42.195 ಕಿ.ಮೀ. ಆ ಲೆಕ್ಕಕ್ಕೆ ಸಿಗುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ 30 ಕಿ.ಮೀ. ಆಸುಪಾಸಿನ ಓಟಗಳಾಗಲಿ, ಕೊನೆಯ ಮೂರು ವಾರ ದೂರ ಇಳಿಸುತ್ತ ಬನ್ನಿ.

ಓಟದ ಹಿಂದಿನ ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ ಬಿಟ್ಟು ಅನ್ನ ಉಣ್ಣಿ. ನಾರು ಹೆಚ್ಚಾದರೆ ನಡುದಾರಿಯಲ್ಲಿ ಹೊಟ್ಟೆ ಕೈಕೊಡುತ್ತದೆ.