ಮರದಿಂದ ಬಿದ್ದವರನ್ನು ಎತ್ತುವ ಮೊದಲು

ಮಳೆಗಾಲ ಬಂತೆಂದರೆ ಕಾಸರಗೋಡಿನ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಪಾಚಿ ಹಿಡಿದ ಮರ, ಒದ್ದೆಯಾದ ತಳೆ. ಕಾಲು ಜಾರಲು ಕ್ಷಣ ಸಾಕು. ಈಗ ಉದ್ದದ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಮದ್ದು ಬಿಡುವವರಿದ್ದಾರೆ, ಒಳ್ಳೆಯದೇ. ಆದರೂ ಮರ ಹತ್ತುವುದು ನಿಂತಿಲ್ಲ.

ಯಾರಾದರೂ ಬಿದ್ದರೆ ನಾವು ಮಾಡುವುದೇನು? ಇಬ್ಬರು ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸುತ್ತೇವೆ, ನೀರು ಕುಡಿಸುತ್ತೇವೆ, ರಿಕ್ಷಾದಲ್ಲಿ ಮಡಚಿ ಕೂರಿಸಿ ಆಸ್ಪತ್ರೆಗೆ ಓಡುತ್ತೇವೆ. ಪ್ರೀತಿಯಿಂದಲೇ ಮಾಡುವ ಈ ಕೆಲಸದಿಂದ ಕೆಲವೊಮ್ಮೆ ಮನುಷ್ಯ ಜೀವನಪೂರ್ತಿ ಹಾಸಿಗೆ ಹಿಡಿಯಬಹುದು.

ಬೆನ್ನೆಲುಬಿನ ಮಣಿಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿದಿದೆ. ದಪ್ಪ ಕಿರುಬೆರಳಿನಷ್ಟು, ಉದ್ದ ಸುಮಾರು 45 ಸೆಂ.ಮೀ. ಮಣಿ ಮುರಿದರೂ ಹುರಿ ಉಳಿದಿರಬಹುದು. ಆಗ ಬೆನ್ನು ಬಗ್ಗಿಸಿದರೆ ಮುರಿದ ಎಲುಬಿನ ಚೂರು ಹುರಿಯನ್ನು ಒತ್ತುತ್ತದೆ, ಹರಿಯಲೂಬಹುದು.

ಆದ್ದರಿಂದ ಬಿದ್ದವರನ್ನು ಅಲ್ಲೇ ಮಲಗಿರಲು ಬಿಡಿ. ಉಸಿರಾಟ ನೋಡಿ. ಒಬ್ಬರು ತಲೆಯ ಪಕ್ಕ ಕೂತು ಎರಡೂ ಕೈಗಳಿಂದ ತಲೆ ಅಲುಗದಂತೆ ಹಿಡಿಯಲಿ. ಕಾಲಿನ ಬೆರಳು ಆಡಿಸಲು ಹೇಳಿ. ಆಡದಿದ್ದರೆ, ಜೋಮು ಹಿಡಿದಿದ್ದರೆ ವೈದ್ಯರಿಗೆ ತಿಳಿಸಿ. 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ ದಿಮ್ಮಿ ಉರುಳಿಸುವಂತೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ, ಬಟ್ಟೆ ಹಾಸಿದ ಹಲಗೆಗೋ ಕಳಚಿದ ಬಾಗಿಲಿಗೋ ಹಾಕಿ. ಕಿಸೆಯಲ್ಲಿ ಬೀಗದ ಕೈ, ಚಾಕು ಇದ್ದರೆ ತೆಗೆಯಿರಿ; ಸ್ಪರ್ಶಜ್ಞಾನ ಇಲ್ಲದವರಿಗೆ ಅದು ಒತ್ತಿದ್ದು ತಿಳಿಯದೆ ಹುಣ್ಣಾಗುತ್ತದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಸರಿಯಿದೆ ಎಂದಾಕ್ಷಣ ನಿಶ್ಚಿಂತರಾಗಬೇಡಿ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಹುರಿ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಸಣ್ಣ ಬಿರುಕನ್ನೂ ತೋರಿಸುತ್ತದೆ. ಹುರಿಯ ಬಾವು, ರಕ್ತಸ್ರಾವ ಕಾಣಬೇಕಾದರೆ ಎಂ.ಆರ್.ಐ. ಬೇಕು. ಎಲುಬಿಗೆ ಏನೂ ಆಗದೆ ಹುರಿಗೆ ಮಾತ್ರ ಪೆಟ್ಟಾಗುವುದುಂಟು, ಮಕ್ಕಳಲ್ಲಿ ವಿಶೇಷವಾಗಿ.

ಪೆಟ್ಟಿನ ನಂತರದ ಗಂಟೆಗಳಲ್ಲಿ ಬಾವು ಏರಿ, ರಕ್ತಸಂಚಾರ ತಗ್ಗಿ, ಉಳಿದ ನರಗಳೂ ಸಾಯುತ್ತವೆ. ಇದನ್ನು ತಡೆಯಲು 8 ಗಂಟೆಯೊಳಗೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಕೊಡಬೇಕೆಂದು 1990ರ ಅಮೆರಿಕದ ಅಧ್ಯಯನವೊಂದು ಆಸೆ ಹುಟ್ಟಿಸಿತ್ತು. ಲಾಭ ಖಚಿತವಾಗಲಿಲ್ಲ, ಸೋಂಕು ಮತ್ತು ಹೊಟ್ಟೆಯ ರಕ್ತಸ್ರಾವ ಕಂಡವು. 2013ರಲ್ಲಿ ಅಲ್ಲಿನ ನರಶಸ್ತ್ರಚಿಕಿತ್ಸಕರೇ ಬೇಡವೆಂದರು. ಆದರೆ ಕುತ್ತಿಗೆಯ ಹುರಿಗೆ ಪೆಟ್ಟಾದ 313 ಮಂದಿಯ ಮೇಲಿನ 2012ರ ವರದಿಯಲ್ಲಿ, 24 ಗಂಟೆಯೊಳಗೆ ಶಸ್ತ್ರಕ್ರಿಯೆಯಿಂದ ಒತ್ತಡ ಬಿಡಿಸಿದವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡಿದ್ದರು. ದೊಡ್ಡ ಆಸ್ಪತ್ರೆಗೆ ನಾಳೆ ಹೋದರಾಯಿತು ಎನ್ನುವುದು ಇಲ್ಲಿ ನಡೆಯದು.

ಬೀಳದೆಯೂ ಹುರಿ ಒತ್ತಲ್ಪಡಬಹುದು, ಗಡ್ಡೆಯಿಂದ. ಸ್ತನ, ಶ್ವಾಸಕೋಶ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದವರಿಗೆ ಮಲಗಿದಾಗ ಹೆಚ್ಚಾಗುವ ಹೊಸ ಬೆನ್ನುನೋವು, ಕಾಲಿನ ಬಲಹೀನತೆ, ಮೂತ್ರ ಕಟ್ಟುವುದು ಕಂಡರೆ ಎಣ್ಣೆ ತಿಕ್ಕಿಸಿ ದಿನ ಕಳೆಯಬೇಡಿ; ಅಂದೇ ವೈದ್ಯರಿಗೆ ಹಳೆಯ ಕಾಯಿಲೆಯ ಕಾಗದ ತೋರಿಸಿ, ಎಂ.ಆರ್.ಐ. ಬೇಕೇ ಎಂದು ಕೇಳಿ.