ಏಳುನೂರು ಗ್ರಾಂ ವಾದ್ಯ, ಎರಡೂವರೆ ಕಿಲೋ ಪೆಟ್ಟಿಗೆ

ವಾದ್ಯದ ಬೆಲೆಯಲ್ಲಿ ಐದನೇ ಒಂದು ಪಾಲನ್ನು ಕೇಸಿಗೆ ತೆಗೆದಿಡಿ ಎಂದು ಸಂಗೀತದ ಅಂಗಡಿಗಳಲ್ಲಿ ಹೇಳುವುದುಂಟು. ನಾನು ಯುಕುಲೇಲೆ ಎಂಬ ಪುಟ್ಟ ತಂತಿವಾದ್ಯ ನುಡಿಸುವವಳು. ಊರಿನ ಬಸ್ಸು, ರೈಲು, ಆಗೊಮ್ಮೆ ಈಗೊಮ್ಮೆ ವಿಮಾನ, ಎಲ್ಲದರಲ್ಲೂ ಅದನ್ನು ಹೊತ್ತು ತಿರುಗಿದವಳು. ಆ ಲೆಕ್ಕ ನನಗೆ ಒಪ್ಪಿಗೆಯಾಗಿಲ್ಲ. ನಾಲ್ಕು ಸಾವಿರದ ವಾದ್ಯ ದಿನಾ ಸ್ಕೂಲ್ ವ್ಯಾನಿನಲ್ಲಿ ಹೋಗಿ ಬರುವುದಾದರೆ ಎಂಟುನೂರು ರೂಪಾಯಿಯ ಕೇಸು ಅದನ್ನು ಕಾಪಾಡುವುದಿಲ್ಲ. ನಲವತ್ತು ಸಾವಿರದ ವಾದ್ಯ ಬೀರುವಿನ ಪಕ್ಕದಿಂದ ಕದಲುವುದೇ ಇಲ್ಲವೆಂದರೆ ಅದಕ್ಕೆ ಎಂಟು ಸಾವಿರ ಸುರಿಯಬೇಕಾಗಿಯೂ ಇಲ್ಲ. ಕೇಸಿಗೆ ಎಷ್ಟು ಹಾಕಬೇಕು ಎಂಬುದನ್ನು ತೀರ್ಮಾನಿಸುವುದು ವಾದ್ಯ ಓಡಾಡುವ ದಾರಿ, ಅದನ್ನು ಎತ್ತಿ ಇಳಿಸುವ ಕೈಗಳು, ಮತ್ತು ಅದು ಒಡೆದರೆ ಅಂಥದ್ದೇ ಇನ್ನೊಂದು ಸಿಗುತ್ತದೆಯೇ ಎಂಬ ಪ್ರಶ್ನೆ.

ಕೊನೆಯ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ. ಅದಕ್ಕೆ ಉತ್ತರ ಬೇಕೆಂದರೆ ಯುಕುಲೇಲೆ ಎಲ್ಲಿಂದ ಬಂತು ಎಂದು ನೋಡಬೇಕು. 1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದ ಜನ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಕಬ್ಬಿನ ತೋಟಗಳ ಕೆಲಸಕ್ಕೆಂದು ಹವಾಯಿಗೆ ಬಂದಿಳಿದಾಗ ಅವರ ಜೊತೆ ಒಂದು ಪುಟ್ಟ ತಂತಿವಾದ್ಯವೂ ಬಂತು. ಅದೇ ಹಡಗಿನಲ್ಲಿದ್ದ ಮ್ಯಾನುಯೆಲ್ ನೂನೆಸ್ ಮತ್ತು ಇನ್ನಿಬ್ಬರು ಮರಗೆಲಸದವರು ಹೊನೊಲುಲುವಿನಲ್ಲಿ ನೆಲೆನಿಂತು, ಅಲ್ಲಿನ ಕೋವಾ ಮರದಲ್ಲಿ ಯುಕುಲೇಲೆ ಮಾಡತೊಡಗಿದರು. ಕೋವಾ ಹವಾಯಿಯದೇ ಮರ. 1916ರಿಂದ ಅದೇ ಊರಿನಲ್ಲಿರುವ ಕಮಾಕಾ ಮನೆತನದ ಕಾರ್ಖಾನೆ ಈಗಲೂ ಅದನ್ನೇ ಬಳಸುತ್ತದೆ. ಅಂಥ ವಾದ್ಯವೊಂದು ನಿಮ್ಮ ಮನೆಗೆ ಬಂದಿದ್ದರೆ, ಬಿಲ್ಲಿನಲ್ಲಿರುವ ಬೆಲೆ ಅದರ ನಿಜವಾದ ಬೆಲೆಯಲ್ಲ. ಇನ್ನೊಂದು ತರಿಸುವ ಸಾಗಣೆ, ಕಸ್ಟಮ್ಸ್ ಸುಂಕ, ಕಾಯಬೇಕಾದ ತಿಂಗಳುಗಳು, ಎಲ್ಲವನ್ನೂ ಅದಕ್ಕೆ ಸೇರಿಸಬೇಕು. ಲ್ಯಾಮಿನೇಟ್ ಹಲಗೆಯ ಸಾಧಾರಣ ವಾದ್ಯವಾದರೆ ಬೆಂಗಳೂರಿನಲ್ಲಿ ಅದೇ ಸಂಜೆ ಇನ್ನೊಂದು ತಂದುಕೊಳ್ಳಬಹುದು. ಎರಡಕ್ಕೂ ಒಂದೇ ಶೇಕಡಾವಾರು ಲೆಕ್ಕ ಹಾಕಿದರೆ ಹೇಗೆ?

ವಾದ್ಯ ಹೇಗೆ ಮುರಿಯುತ್ತದೆ ಎಂದು ತಿಳಿಯದೆ ಕೇಸು ಕೊಳ್ಳಬಾರದು. ನನ್ನ ತಂಗಿಯ ಮಗಳ ಕನ್ಸರ್ಟ್ ಅಳತೆಯ ಯುಕುಲೇಲೆ ಮುರಿದದ್ದು ಮನೆಯೊಳಗೆ. ತೆಳು ಬ್ಯಾಗಿನಲ್ಲಿ ಗೋಡೆಗೆ ಒರಗಿಸಿಟ್ಟದ್ದು ಬೆನ್ನಡಿಯಾಗಿ ನೆಲಕ್ಕೆ ಬಿತ್ತು. "ದೊಡ್ಡಮ್ಮ, ಮೈಮೇಲೆ ಒಂದು ಗೀರೂ ಇಲ್ಲ, ಆದ್ರೆ ತಲೆ ಅಲ್ಲಾಡ್ತಿದೆ" ಎಂದು ಫೋನು ಮಾಡಿದಳು. ಹೋಗಿ ನೋಡಿದೆ. ಬಿರಡೆಗಳಿರುವ ತಲೆ ಕತ್ತಿಗೆ ಸೇರುವ ಜಾಗದಲ್ಲಿ, ತಂತಿಗಳು ಹಾದುಹೋಗುವ ನಟ್‌ನ ಸರಿಯಾಗಿ ಹಿಂದೆ, ಕೂದಲೆಳೆಯಷ್ಟು ತೆಳುವಾದ ಬಿರುಕು. ತಂತಿ ಬಿಗಿದಾಗ ಅದು ಬಾಯಿ ಬಿಡುತ್ತಿತ್ತು, ಸಡಿಲಿಸಿದಾಗ ಮುಚ್ಚಿಕೊಳ್ಳುತ್ತಿತ್ತು. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ಸೀಟಿನಲ್ಲಿ ಕೂತವರ ಮೈ ಅಲ್ಲೇ ನಿಂತು ತಲೆ ಮಾತ್ರ ಮುಂದಕ್ಕೆ ಹೋಗುವುದಿಲ್ಲವೇ, ಇಲ್ಲೂ ಅದೇ ಆದದ್ದು. ಒಡಲು ನೆಲಕ್ಕೆ ತಾಗಿ ನಿಂತಿತು, ಲೋಹದ ಬಿರಡೆಗಳ ಭಾರ ಹೊತ್ತ ತಲೆ ನಿಲ್ಲಲಿಲ್ಲ. ಹಲವು ಕತ್ತುಗಳಲ್ಲಿ ಮರದ ಎಳೆಗಳು ಆ ತಿರುವಿನಲ್ಲಿ ಓರೆಯಾಗಿ ಕಡಿದುಹೋಗಿರುತ್ತವೆ, ಹಾಗಾಗಿ ಅಲ್ಲೇ ಸೀಳುತ್ತದೆ. ಬೆಂಗಳೂರಿನ ಬಳೇಪೇಟೆಯಲ್ಲಿ ಪಿಟೀಲು ರಿಪೇರಿ ಮಾಡುವವರೊಬ್ಬರು ಅಂಟು ತುಂಬಿ, ಕ್ಲ್ಯಾಂಪ್ ಬಿಗಿದು, ಚೆನ್ನಾಗಿ ಒಣಗಲು ಬಿಟ್ಟು ಕೊಟ್ಟರು. ₹1,800 ಆಯಿತು. ಕೆಲಸ ಅಚ್ಚುಕಟ್ಟಾಗಿದೆ, ನಾದವೂ ಕೆಟ್ಟಿಲ್ಲ. ಆ ದುಡ್ಡಿಗೆ ಇನ್ನಷ್ಟು ಸೇರಿಸಿದ್ದರೆ ಒಂದು ಒಳ್ಳೆಯ ಫೋಮ್ ಕೇಸು ಬರುತ್ತಿತ್ತು.

ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಕೇಸಿನ ಹೊರಮೈಯನ್ನಲ್ಲ. ಮುಚ್ಚಳ ತೆರೆದು ವಾದ್ಯವನ್ನು ಮಲಗಿಸಿ ಕತ್ತಿನ ಕೆಳಗೆ ಕಣ್ಣು ಹಾಯಿಸುತ್ತೇನೆ. ಕತ್ತು ಮೆತ್ತೆಯ ಮೇಲೆ ಕೂತಿರಬೇಕು, ತಲೆ ಮಾತ್ರ ಕೇಸನ್ನು ಎಲ್ಲೂ ಮುಟ್ಟದೆ ತೇಲುತ್ತಿರಬೇಕು. ತಲೆಯ ಹಿಂಬದಿಗೂ ಕೇಸಿನ ತಳಕ್ಕೂ ನಡುವೆ ಕಿರುಬೆರಳು ಆರಾಮವಾಗಿ ಆಡಬೇಕು. ತಲೆ ತಳಕ್ಕೆ ತಾಗುತ್ತಿದ್ದರೆ, ಕೇಸು ಬಿದ್ದಾಗಿನ ಪೆಟ್ಟನ್ನು ಅದು ನೇರವಾಗಿ ಆ ತಿರುವಿಗೇ ಒಯ್ಯುತ್ತದೆ. ಎಷ್ಟು ದಪ್ಪದ ಪ್ಲೈವುಡ್ ಇದ್ದರೂ ಆಗ ಉಪಯೋಗವಿಲ್ಲ. ಆಮೇಲೆ ಮುಚ್ಚಳ ಹಾಕಿ, ಕೊಂಡಿ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸುತ್ತೇನೆ. ಒಳಗೆ ದಡ್ ಎಂದರೆ ಅಳತೆ ದೊಡ್ಡದಾಯಿತು. ಮುಚ್ಚಳ ಒತ್ತಿದರೆ ಮಾತ್ರ ಕೊಂಡಿ ಕೂರುತ್ತದೆ ಎಂದರೆ ಅದು ತಂತಿಗಳನ್ನು ಹೊತ್ತ ಕುದುರೆಯ (ಬ್ರಿಜ್) ಮೇಲೆ ಭಾರ ಹಾಕುತ್ತಿದೆ. ಯುಕುಲೇಲೆಯ ಅಳತೆಗಳಲ್ಲಿ ಸೊಪ್ರಾನೊ ಉದ್ದ ಸುಮಾರು 21 ಇಂಚು, ಕನ್ಸರ್ಟ್ 23, ಟೆನರ್ 26, ಬ್ಯಾರಿಟೋನ್ 30 ಎಂದು ಪಟ್ಟಿಯಲ್ಲಿ ಬರೆದಿರುತ್ತಾರೆ. ಆದರೆ ಒಡಲಿನ ಆಳ, ಕೆಳಭಾಗದ ಅಗಲ ಒಂದೊಂದು ಕಂಪನಿಯದು ಒಂದೊಂದು ರೀತಿ. ಉಬ್ಬಿದ ಬೆನ್ನಿನ ವಾದ್ಯಗಳು, ಸೊಂಟವಿಲ್ಲದ ಪೈನಾಪಲ್ ಆಕಾರದವು ಹಲವು ಕೇಸುಗಳಲ್ಲಿ ಕೂರುವುದೇ ಇಲ್ಲ. ವಾದ್ಯವನ್ನು ಜೊತೆಗೆ ಒಯ್ಯದೆ ಕೇಸು ಕೊಳ್ಳಲು ಹೋಗಬೇಡಿ. ಆನ್‌ಲೈನ್‌ನಲ್ಲೇ ತರಿಸುವುದಾದರೆ ಒಟ್ಟು ಉದ್ದ, ಕೆಳಭಾಗದ ಅಗಲ, ಮೇಲ್ಭಾಗದ ಅಗಲ, ಆಳ ನಾಲ್ಕನ್ನೂ ಟೇಪಿನಲ್ಲಿ ಅಳೆದು ಕೇಸಿನ ಒಳಅಳತೆಗೆ ಹೋಲಿಸಿ. ಹೊರಅಳತೆ ಮಾತ್ರ ಕೊಟ್ಟಿದ್ದರೆ ಮಾರುವವರನ್ನು ಕೇಳಿ. ಉತ್ತರ ಬರದಿದ್ದರೆ ಆ ಕೇಸನ್ನು ಬಿಟ್ಟುಬಿಡಿ.

ಬೆಲೆಯ ಮಾತು. ತೆಳು ಬ್ಯಾಗು ₹500ರಿಂದ ₹1,000. ಧೂಳು, ತುಂತುರು ಹನಿ, ಗೀರು ತಡೆಯುತ್ತದೆ, ಅಷ್ಟೇ. ಅದರ ಮೇಲಿನದು ಗಟ್ಟಿ ಫೋಮಿಗೆ ಬಟ್ಟೆ ಹೊದಿಸಿ ಜಿಪ್ ಹಾಕಿದ ಕೇಸು, ₹2,000ದಿಂದ ₹3,500. ಒಂದು ಕಿಲೋದಷ್ಟು ತೂಕ, ಬೆನ್ನಿಗೂ ಹಾಕಿಕೊಳ್ಳಬಹುದು. ಮೇಲಿಂದ ಯಾರಾದರೂ ಸೂಟ್‌ಕೇಸು ಹೇರಿದರೆ ಮಾತ್ರ ತಡೆಯಲಾರದು. ಮೂರನೆಯದು ಪ್ಲೈವುಡ್ ಅಥವಾ ಅಚ್ಚಿನಲ್ಲಿ ತೆಗೆದ ಎಬಿಎಸ್ ಪ್ಲಾಸ್ಟಿಕ್‌ನ ಹಾರ್ಡ್ ಕೇಸು, ₹5,000ದಿಂದ ₹8,000ದ ಆಸುಪಾಸು. ಅದರ ಮೇಲೆ ಫೈಬರ್‌ಗ್ಲಾಸ್, ಕಾರ್ಬನ್ ಫೈಬರ್. ಅವುಗಳ ಬೆಲೆ ಎಷ್ಟೋ ವಾದ್ಯಗಳ ಬೆಲೆಯನ್ನೇ ಮೀರುತ್ತದೆ, ಕಛೇರಿಗಳಿಗೆ ದೇಶದೇಶ ಸುತ್ತುವವರಿಗೆ ಮಾತ್ರ ಅವು ಹೊಂದುತ್ತವೆ. ನನ್ನದು ಮಹಾಗನಿಯ ಟೆನರ್, ಬೆಲೆ ಇಪ್ಪತ್ತೆಂಟು ಸಾವಿರ, ತೂಕ ಏಳುನೂರು ಗ್ರಾಂ. ಅದಕ್ಕೆ ₹6,800 ಕೊಟ್ಟು ಪ್ಲೈವುಡ್ ಕೇಸು ಕೊಂಡೆ. ಅದರ ತೂಕ ಎರಡೂವರೆ ಕಿಲೋ. ಐದನೇ ಒಂದು ಪಾಲಿನ ಲೆಕ್ಕ ಹಿಡಿದಿದ್ದರೆ ₹5,600ಕ್ಕೆ ನಿಲ್ಲಬೇಕಿತ್ತು. ಹೆಚ್ಚಿನ ₹1,200ನ್ನು ನಾನು ಕೊಟ್ಟದ್ದು ಕಬ್ಬಿಣದ ಸಾಮಾನಿಗೆ.

ಅದನ್ನು ಸ್ವಲ್ಪ ವಿವರಿಸುತ್ತೇನೆ, ಯಾಕೆಂದರೆ ಹಾರ್ಡ್ ಕೇಸುಗಳು ಹಾಳಾಗುವುದು ಅಲ್ಲೇ. ಮರ ಒಡೆಯುವುದಕ್ಕೆ ಬಹಳ ಮುಂಚೆ ಕೊಂಡಿ ಸಡಿಲವಾಗುತ್ತದೆ, ಕೀಲು ಕಿತ್ತುಬರುತ್ತದೆ, ಹಿಡಿ ಕೈಗೆ ಬರುತ್ತದೆ. ಅಂಗಡಿಯಲ್ಲಿ ನಾನು ನೋಡಿ ಬೇಡವೆಂದು ಬಿಟ್ಟ ಕೇಸಿನಲ್ಲಿ ಎರಡು ಪುಟ್ಟ ಕೀಲುಗಳಿದ್ದವು, ಒಂದೊಂದಕ್ಕೂ ಎರಡೇ ರಿವೆಟ್. ಹಿಡಿಯನ್ನು ಒಳಗಿಂದ ಯಾವ ಪಟ್ಟಿಯ ಆಸರೆಯೂ ಇಲ್ಲದೆ ಹಲಗೆಗೇ ಜಡಿದಿದ್ದರು. ಕೊಂಡ ಕೇಸಿನಲ್ಲಿ ಕೀಲುಗಳು ಮೂರು, ಹಿಡಿಯ ಎರಡೂ ತುದಿಗೆ ಒಳಗಡೆ ಲೋಹದ ತಗಡು, ಎಳೆದು ಬಿಗಿಯುವ ಬಗೆಯ ಕೊಂಡಿಗಳು, ಮುಚ್ಚಳದ ಅಂಚು ತಳದ ಅಂಚಿನೊಳಗೆ ಕೂರುವಂತೆ ಸುತ್ತಲೂ ಒಂದು ತುಟಿ. ಮಳೆನೀರು ಒಳಗೆ ಜಿನುಗದಂತೆ ತಡೆಯುವುದು ಆ ತುಟಿ. ಮುಚ್ಚಳ ಪಕ್ಕಕ್ಕೆ ಜಾರದ ಹಾಗೆ ಹಿಡಿದು ಕೀಲಿನ ಭಾರವನ್ನೂ ಅದೇ ಇಳಿಸುತ್ತದೆ. ರಿವೆಟ್‌ಗಳ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಒಂದು ಅಲುಗಿದರೂ ಕೇಸು ವಾಪಸ್. ಒಳಗಿನ ಮಖಮಲ್ಲಿನ ಬಣ್ಣಕ್ಕೆ, ಕಂಪನಿಯ ಹೆಸರಿನ ಕಸೂತಿಗೆ ಮರುಳಾಗಬೇಡಿ.

ಹಾರ್ಡ್ ಕೇಸಿನ ಇನ್ನೊಂದು ಕೆಲಸ ಹವೆಯದು. ಇಡೀ ಮರದ ವಾದ್ಯಕ್ಕೆ ಶೇಕಡಾ 45ರಿಂದ 55ರಷ್ಟು ತೇವ ಹಿತ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಅದು 30ರ ಕೆಳಗೆ ಇಳಿಯುವುದುಂಟು, ಸಾಗರದ ನಮ್ಮ ಮನೆಯಲ್ಲಿ ಆಷಾಢದಲ್ಲಿ 90ರ ಹತ್ತಿರ ಹೋಗುತ್ತದೆ. ಬಿಗಿಯಾಗಿ ಮುಚ್ಚುವ ಕೇಸು ಈ ಏರಿಳಿತವನ್ನು ನಿಧಾನಗೊಳಿಸುತ್ತದೆ. ಒಳಗೊಂದು ತೇವ ತೋರಿಸುವ ಪುಟ್ಟ ಮೀಟರು, ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತು. ಬಿಸಿಲಿನ ಮಟ್ಟಿಗೆ ಮಾತ್ರ ಯಾವ ಕೇಸೂ ಕಾಪಾಡದು. ನಿಲ್ಲಿಸಿದ ಕಾರಿನಲ್ಲಿ ಕಪ್ಪು ಕೇಸು ಕಾದು, ಕುದುರೆಯ ಅಂಟು ಮೆತ್ತಗಾಗಿ, ತಂತಿಯ ಎಳೆತಕ್ಕೆ ಕುದುರೆ ಮೇಲೇಳುತ್ತದೆ.

ಹೊರದೇಶದಿಂದ ಕೇಸು ತರಿಸುವ ಆಸೆ ಇರುವವರಿಗೆ ಒಂದು ಲೆಕ್ಕ. ಕೊರಿಯರ್‌ನವರು ತೂಕ, ಜಾಗ ಎರಡರಲ್ಲಿ ಯಾವ ಲೆಕ್ಕ ಹೆಚ್ಚೋ ಅದಕ್ಕೆ ದುಡ್ಡು ಕೇಳುತ್ತಾರೆ, ಕೇಸಿನ ಮಟ್ಟಿಗೆ ಅದು ಜಾಗ. ರಟ್ಟಿನ ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಅವರು ಹಾಕುವ ಕಿಲೋ ಸಿಗುತ್ತದೆ. ಟೆನರ್ ಕೇಸಿನ ಡಬ್ಬಿ 75, 30, 16 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ: 7.2 ಕಿಲೋ. ಒಳಗಿರುವ ಸಾಮಾನು ಎರಡೂವರೆ ಕಿಲೋ, ಉಳಿದದ್ದು ಗಾಳಿ. ಆ ಗಾಳಿಯ ಸಾಗಣೆಗೂ ದುಡ್ಡು ಕೊಟ್ಟು, ಅದೆಲ್ಲ ಸೇರಿದ ಮೊತ್ತದ ಮೇಲೆ ಸುಂಕವನ್ನೂ ಕಟ್ಟಬೇಕು. ಹೊರಗಿನ ಕೇಸೇ ಬೇಕೆಂದರೆ ಅದು ವಾದ್ಯದ ಜೊತೆಗೇ, ವಾದ್ಯವನ್ನು ಒಳಗಿಟ್ಟುಕೊಂಡೇ ಬರಬೇಕು.

ಅದಕ್ಕಿಂತ ಒಳ್ಳೆಯ ದಾರಿ ನಮ್ಮಲ್ಲೇ ಇದೆ. ಪಿಟೀಲಿನ ಆಯತಾಕಾರದ ಕೇಸುಗಳು ಕರ್ನಾಟಕದ ಯಾವ ದೊಡ್ಡ ಊರಿನಲ್ಲೂ ಸಿಗುತ್ತವೆ, ಸೆಕೆಂಡ್ ಹ್ಯಾಂಡ್ ಕೂಡ. ಸುಮಾರು 75 ಸೆಂಟಿಮೀಟರಿನ ಕಮಾನು ಹಿಡಿಯಬೇಕಾದ್ದರಿಂದ ಉದ್ದಕ್ಕೆ ಕೊರತೆಯಿಲ್ಲ. ಕನ್ಸರ್ಟ್ ಅಳತೆಯ ಎಷ್ಟೋ ಯುಕುಲೇಲೆಗಳು ಅದರಲ್ಲಿ ಚೆನ್ನಾಗಿ ಕೂರುತ್ತವೆ. ಮೊದಲು ಆಳ ಅಳೆಯಿರಿ, ಆಮೇಲೆ ಕತ್ತಿನ ಕೆಳಗೆ ಗಟ್ಟಿ ಫೋಮನ್ನು ಕತ್ತರಿಸಿ ಕೂರಿಸಿ. ವೀಣೆಗೆ ಫೈಬರ್ ಪೆಟ್ಟಿಗೆ ಮಾಡಿಕೊಡುವವರನ್ನೂ ಕೇಳಬಹುದು. ವಿಚಿತ್ರ ಆಕಾರದ ವಾದ್ಯವಿದ್ದವರಿಗೆ ಅಳತೆ ಕೊಟ್ಟು ಮಾಡಿಸುವುದೇ ಮೇಲು, ರಿಪೇರಿಗೂ ಅದೇ ಮನೆಗೆ ಹೋಗಬಹುದು.

ಮಕ್ಕಳಿಗೆ ಯುಕುಲೇಲೆ ಕೊಡಿಸುವ ತಂದೆತಾಯಂದಿರು ನನ್ನನ್ನು ಕೇಳಿದಾಗ ಹಾರ್ಡ್ ಕೇಸು ಬೇಡವೆನ್ನುತ್ತೇನೆ. ಹತ್ತು ವರ್ಷದ ಮಗು ಎರಡೂವರೆ ಕಿಲೋ ಹೊತ್ತು ಕ್ಲಾಸಿಗೆ ಹೋಗಲಾರದು. ಹೋಗದ ಕ್ಲಾಸಿಗೆ ಕಟ್ಟಿದ ಫೀಸು ಎಲ್ಲಕ್ಕಿಂತ ದೊಡ್ಡ ನಷ್ಟ. ಫೋಮ್ ಕೇಸು ಕೊಡಿಸಿ, ನಿಲ್ಲಿಸಿಡದೆ ಮಲಗಿಸಿಡಲು ಕಲಿಸಿ.

ಇನ್ನು ವಿಮಾನ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲದ ಉದ್ದ ಸಾಮಾನ್ಯವಾಗಿ 55 ಸೆಂಟಿಮೀಟರ್, ತೂಕ 7 ಕಿಲೋ. ಟೆನರ್ ವಾದ್ಯವೇ 66 ಸೆಂಟಿಮೀಟರ್ ಇರುವುದರಿಂದ ಬಿಡುವುದು ಬಿಡದಿರುವುದು ಗೇಟಿನಲ್ಲಿರುವವರ ಕೈಯಲ್ಲಿ. ಅಮೆರಿಕದಲ್ಲಿ 2012ರ ಕಾಯ್ದೆಯೊಂದು, ಹತ್ತುವ ಹೊತ್ತಿಗೆ ಮೇಲಿನ ಬಿನ್ನಿನಲ್ಲೋ ಸೀಟಿನ ಕೆಳಗೋ ಜಾಗವಿದ್ದರೆ ಸಣ್ಣ ವಾದ್ಯಗಳನ್ನು ಒಳಗೆ ಬಿಡಬೇಕು ಎನ್ನುತ್ತದೆ. ಅಲ್ಲಿ ಮಕ್ಕಳ ಮನೆಗೆ ಹೋಗಿ ಬರುವ ನಮ್ಮವರು ಇದನ್ನು ತಿಳಿದಿರಬೇಕು, ಬೇಗ ಹತ್ತಬೇಕು. ಲಗೇಜಿಗೆ ಹಾಕಲೇಬೇಕಾಗಿ ಬಂದರೆ ಪರಿಹಾರದ ಮಿತಿ ಎಷ್ಟೆಂದು ಮೊದಲೇ ಗೊತ್ತಿರಲಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2024ರ ಡಿಸೆಂಬರ್ ಕೊನೆಯಿಂದ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಘಟಕ), ಅಂದರೆ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು. ಅದು ಗರಿಷ್ಠ ಮಿತಿ, ತಾನಾಗಿ ಕೈಗೆ ಬರುವ ಮೊತ್ತವಲ್ಲ. ಪ್ಯಾಕಿಂಗ್ ಸರಿಯಿರಲಿಲ್ಲ ಎಂದು ವಿಮಾನದವರು ವಾದಿಸಿದಾಗ ನಿಮ್ಮ ಪರ ನಿಲ್ಲುವ ಸಾಕ್ಷಿ ಹಾರ್ಡ್ ಕೇಸು. ಆದ್ದರಿಂದ ಅದರ ಬಿಲ್ಲನ್ನೂ ವಾದ್ಯದ ಬಿಲ್ಲಿನ ಜೊತೆ ಇಟ್ಟುಕೊಳ್ಳಿ.

ಕೌಂಟರಿನಲ್ಲಿ ಕೊಡುವ ಮುಂಚೆ ತಂತಿಗಳನ್ನು ಸ್ವಲ್ಪ ಸಡಿಲಿಸಿ, ತಲೆಯ ಸುತ್ತ ಮೆತ್ತನೆಯ ಟವೆಲ್ ತುಂಬಿ, ತೆರೆದ ಕೇಸಿನ ಫೋಟೊ ತೆಗೆಯಿರಿ. ನಾಜೂಕು ಸಾಮಾನು ಎಂಬ ಚೀಟಿ ಅಂಟಿಸಿ ನಿಮ್ಮ ಸಹಿ ಕೇಳಿದರೆ ಅದರ ಹಿಂಬದಿ ಓದಿ. ಹಲವು ಚೀಟಿಗಳಲ್ಲಿ, ಹಾನಿಯಾದರೆ ನಮ್ಮ ಹೊಣೆಯಲ್ಲ ಎಂಬ ಸಾಲು ಇರುತ್ತದೆ. ಇಳಿದ ಮೇಲೆ ಬೆಲ್ಟಿನ ಪಕ್ಕದಲ್ಲೇ ಕೇಸು ತೆರೆದು, ನಟ್‌ನ ಹಿಂದೆ ಬೆರಳಾಡಿಸಿ ನೋಡಿ. ಅಂತರರಾಷ್ಟ್ರೀಯ ಪ್ರಯಾಣದ ಹಾನಿಗೆ ಲಿಖಿತ ದೂರು ಕೊಡಲು ಇರುವ ಗಡುವು 7 ದಿನ. ನಿಲ್ದಾಣದಿಂದ ಹೊರಬೀಳುವ ಮುಂಚೆಯೇ ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.